ದಕ್ಷಿಣದ ಅಂಚಿನಿಂದ ಬಂದ ಗೆರೆ

ಊರಿಗೆ ಊರೇ ಸಾಫ್ಟ್‌ವೇರ್ ಎಂದು ಕುಣಿಯುತ್ತಿದ್ದ ಕಾಲವದು. ಅಮೀರ್‌ಪೇಟ್‌ನಲ್ಲಿ ಕೋಚಿಂಗ್ ಸೆಂಟರೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಉಪಗ್ರಹ ತೆಗೆದ ಕೆನಡಾದ ಕಾಡಿನ ಚಿತ್ರಗಳ ಮೇಲೆ ರಸ್ತೆಗಳ ಗೆರೆ ಎಳೆಯುವುದು ನನ್ನ ಕೆಲಸ. ಮರ ಸಾಗಿಸುವ ಲಾರಿಗಳಿಗೆಂದೇ ಮಾಡಿದ ರಸ್ತೆಗಳು. ಬೀದರಿನ ಬಿಸಿಲಲ್ಲಿ ಬೆಳೆದು, ಹಿಮವನ್ನು ಫ್ರಿಜ್ಜಿನೊಳಗಷ್ಟೇ ಕಂಡವಳ ಕೈಗೆ ಆ ಕಾಡು ಬಿತ್ತು, ನೋಡಿ!

ರಸ್ತೆ ಮುಟ್ಟದ ಅಖಂಡ ಕಾಡು ಎಷ್ಟು ಉಳಿದಿದೆ ಎಂದು ಲೆಕ್ಕ ಇಡುತ್ತಿದ್ದ ಕೆಲಸ ಕೊಟ್ಟವರ ನಿಯಮ ಕಟುವಾಗಿತ್ತು. ರಸ್ತೆ ಬಂದರೆ ಅದರ ಎರಡೂ ಬದಿಯ ಪಟ್ಟಿಯನ್ನು ಕಾಡಿನಿಂದ ಕಳೆಯಬೇಕು. ಉಳಿದ ತುಂಡು ತೀರ ಚಿಕ್ಕದಾದರೆ ಅದು ಅಖಂಡ ಕಾಡಲ್ಲ. ಕಂಪ್ಯೂಟರು ಹಸಿರನ್ನು ಬೂದು ಮಾಡಿಬಿಡುತ್ತಿತ್ತು. ನನ್ನ ಪಾಲಿನ ನಕ್ಷೆಯ ಹಾಳೆಯಲ್ಲಿ ಉಳಿದಿದ್ದದ್ದು ಒಂದೇ ಹಸಿರು ತುಂಡು, ಕೆರೆಯೊಂದರ ಸುತ್ತ. ಪ್ರತಿ ವರ್ಷ ಹೊಸ ಚಿತ್ರ ಬಂದಾಗ ಮೊದಲು ಅದನ್ನೇ ನೋಡುತ್ತಿದ್ದೆ. "ನಿಮ್ಮ ತವರುಮನಿ ಆರಾಮ ಐತೇನ್ರಿ?" ಎಂದು ಪಕ್ಕದ ಕುರ್ಚಿಯ ರಾಯಚೂರಿನವನು ಕಿಚಾಯಿಸುತ್ತಿದ್ದ.

ಒಂದು ವರ್ಷ ಆ ತುಂಡಿನ ದಕ್ಷಿಣದ ಅಂಚಿನಿಂದ ತೆಳ್ಳನೆಯ ಗೆರೆಯೊಂದು ಒಳಗೆ ನುಗ್ಗಿತ್ತು. ಕುರ್ಚಿ ಮುಂದಕ್ಕೆಳೆದು ಚಿತ್ರವನ್ನು ದೊಡ್ಡದು ಮಾಡಿದೆ.

"ಹಳ್ಳ ಇರಬೇಕು," ಎಂದೆ.

ಅವನು ಬಗ್ಗಿ ನೋಡಿದ. "ಹಳ್ಳ ಎಲ್ಲರೆ ಗುಡ್ಡ ಏರ್ತೈತೇನ್ರಿ? ರೋಡ್ ಅದು. ಎಳೀರಿ ಸುಮ್ನ."

ಸೂಪರ್‌ವೈಸರನ ಬಳಿ ಹೋಗಿ ಜಗಳ ತೆಗೆದೆ. "ಗಿಡ ಎಲ್ಲಾ ಹಂಗೇ ನಿಂತಾವಲ್ರಿ! ಯಾಕ ಕಳೀಬೇಕು?"

"ರೋಡ್ ಬಂದ ಮ್ಯಾಲೆ ಗರಗಸ ಬರಾಕ ಎಷ್ಟೊತ್ರಿ ಮೇಡಂ?" ಎಂದ ಅವನು, ತಲೆ ಎತ್ತದೆ.

ವಾಪಸ್ ಬಂದು ಕುರ್ಚಿಯಲ್ಲಿ ಕೂತೆ. ಗೆರೆ ಎಳೆದೆ. ತುಂಡು ಸೊರಗಿತು, ಆದರೆ ಹಸಿರಾಗಿಯೇ ಉಳಿಯಿತು. ಬದುಕಿದೆಯಾ ಬಡಜೀವವೇ ಎಂದುಕೊಂಡೆ.

ಮರುವರ್ಷದ ಚಿತ್ರದಲ್ಲಿ ಆ ಗೆರೆಗೆ ಕವಲು, ಕವಲಿಗೆ ಮರಿಕವಲು. ಕವಲು ಮುಗಿದಲ್ಲೆಲ್ಲ ಮರ ಕಡಿದ ಬೋಳು ಚೌಕಗಳು. ಇಡೀ ತುಂಡು ಹುಳ ತಿಂದ ಬದನೆ ಎಲೆಯ ಹಾಗಿತ್ತು. ಕೊನೆಯ ಕವಲನ್ನೂ ಎಳೆದು ಬಟನ್ ಒತ್ತಿದೆ. ಕೆರೆಯ ಸುತ್ತಲಿನದೆಲ್ಲ ಒಮ್ಮೆಲೇ ಬೂದಾಯಿತು.

ನಮ್ಮಲ್ಲೊಂದು ಪದ್ಧತಿ ಇತ್ತು. ಹಾಳೆಯಲ್ಲಿ ಹಸಿರು ಪೂರ್ತಿ ಹೋದರೆ ಅದರ ಕೆಲಸ ಶಾಶ್ವತವಾಗಿ ಮುಗಿದಂತೆ. ಮುಗಿಸಿದವರು ಎಲ್ಲರಿಗೂ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು ಕೊಡಿಸಬೇಕು. ಬೇರೆಯವರು ಕೊಡಿಸಿದಾಗ ನಾನೂ ಚಪ್ಪರಿಸಿ ತಿಂದವಳೇ.

"ಮುಬಾರಕ್ ರೀ! ಪಾರ್ಟಿ ಆಗ್ಲಿ!" ಎಂದು ಎಲ್ಲರೂ ಮೇಜು ಬಡಿದರು. ತರಿಸಿದೆ. ನನ್ನ ಪಾಲಿನ ಬಿಸ್ಕತ್ತನ್ನು ಕಾಗದದಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟೆ. ರಾಯಚೂರಿನವನು ಅವತ್ತು ಕಿಚಾಯಿಸಲಿಲ್ಲ. ಚಹಾ ಆರುವವರೆಗೂ ಮುಟ್ಟದೆ ಕೂತಿದ್ದ.

ಮರುದಿನ ಹೊಸ ಹಾಳೆ ಕೊಟ್ಟರು, ಇನ್ನೂ ಉತ್ತರದ್ದು. ಮೇಲುನೋಟಕ್ಕೆ ಪೂರ್ತಿ ಹಸಿರು. "ನಸೀಬ ಭಾಳ ಚಲೋ ಐತ್ರಿ ನಿಮ್ದು," ಎಂದ ಸೂಪರ್‌ವೈಸರ್.

ನಾನು ಸೀದಾ ದಕ್ಷಿಣದ ಅಂಚಿಗೆ ಹೋದೆ. ಗೆರೆ ಆಗಲೇ ಒಳಗೆ ಬಂದಿತ್ತು.