ಕೂಪನ್ನಿನ ಹಿಂಬದಿಯ ಹಂಪಮ್ಮ

ನಿಜ ಹೇಳಿ, ನಿಮಗೂ ಹೀಗಾಗಿದೆಯಾ? ಮಿರ್ಚಿ ಬಜ್ಜಿ ತಿಂದು ಮುಗಿದ ಮೇಲೆ ಕೈಯಲ್ಲಿ ಉಳಿದ ಎಣ್ಣೆ ಕಾಗದವನ್ನು ಬಿಸಾಕದೆ ಓದುತ್ತಾ ನಿಂತು, ಇನ್ನೇನು ವಿಷಯ ಗೊತ್ತಾಗಬೇಕು ಅನ್ನುವಷ್ಟರಲ್ಲಿ ಕಾಗದ ಅಲ್ಲಿಗೇ ಹರಿದುಹೋಗಿರುವುದು? ನನಗಂತೂ ಜೀವಮಾನವಿಡೀ ಆಗಿದೆ. ಕಳ್ಳ ಕೊನೆಗೆ ಸಿಕ್ಕನಾ, ಆ ಮದುವೆ ಯಾಕೆ ಮುರಿಯಿತು, ಮೊಣಕಾಲು ನೋವಿಗೆ ಯಾವ ಎಣ್ಣೆ ಹಚ್ಚಬೇಕು, ಇವತ್ತಿಗೂ ಗೊತ್ತಿಲ್ಲ. ಎಲ್ಲ ಉತ್ತರಗಳೂ ಇನ್ನೊಂದು ಅರ್ಧ ಕಾಗದದಲ್ಲಿವೆ, ಅದನ್ನು ಇನ್ಯಾರೋ ಕೈ ಒರೆಸಿಕೊಂಡು ಎಸೆದಿದ್ದಾರೆ. "ನೀ ಮಿರ್ಚಿ ತಿನ್ನಾಕ ಬರಂಗಿಲ್ಲ, ಪೇಪರ್ ಓದಾಕ ಬರ್ತಿ" ಅಂತ ನಮ್ಮ ಮನೆಯವರು ಬೈಯುವುದು ಸುಮ್ಮನೆ ಅಲ್ಲ.

ಹೋದ ವಾರ ಕಮಲಾಪುರದ ಬಸ್ ನಿಲ್ದಾಣದ ಎದುರು, ನನಗೆ ಗುರುತಿರುವ ಒಂದು ಬಂಡಿಯ ಮುಂದೆ ನಿಂತು ಇದೇ ಕೆಲಸ ಮಾಡುತ್ತಿದ್ದೆ. ಕಾಗದದ ಮೇಲೆ ಕೋಟು ತೊಟ್ಟ ಒಬ್ಬ ದೊಡ್ಡ ಮನುಷ್ಯನ ಅರ್ಧ ಮುಖ. ಮೇಲೆ ದಪ್ಪ ಅಕ್ಷರದಲ್ಲಿ "ವರ್ಷದ ಪ್ರಭಾವಿ ವ್ಯಕ್ತಿ". ಯಾವುದೋ ವಿದೇಶಿ ಪತ್ರಿಕೆ ಆರಿಸಿದೆಯಂತೆ. ಯಾರೆಂದು ಓದಲು ಹೋದರೆ ಹೆಸರಿನ ಮೇಲೇ ಎಣ್ಣೆ. ನನಗೆ ನಗು ಬಂತು. ಯಾಕೆಂದರೆ ನಾನೂ ಒಂದು ಕಾಲದಲ್ಲಿ ವರ್ಷದ ಪ್ರಭಾವಿ ವ್ಯಕ್ತಿಯನ್ನು ಆರಿಸುವ ಕೆಲಸದಲ್ಲಿದ್ದವಳು. ನಗಬೇಡಿ, ಪೂರ್ತಿ ಕೇಳಿ.

ಕಬ್ಬಿಣದ ಅದಿರಿನ ಕಾಲ ಅದು. ಸಂಡೂರಿನಿಂದ ಹೊಸಪೇಟೆಯವರೆಗೆ ಲಾರಿಯ ಹಿಂದೆ ಲಾರಿ, ಅದರ ಹಿಂದೆ ಇನ್ನೊಂದು ಲಾರಿ. ಕೆಂಪು ದೂಳಿಗೆ ಊರಲ್ಲಿ ಬಿಳಿ ಎಂಬ ಬಣ್ಣವೇ ಉಳಿದಿರಲಿಲ್ಲ. ಶಾಲೆಯ ಮಕ್ಕಳ ಬಿಳಿ ಅಂಗಿ ಸಂಜೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ನಮ್ಮವ್ವ ಒಗೆದ ಬಟ್ಟೆಯನ್ನು ಮನೆಯೊಳಗೇ ಹಗ್ಗ ಕಟ್ಟಿ ಒಣಗಿಸುತ್ತಿದ್ದಳು. ಆಗ ನಾನು ಹೊಸಪೇಟೆಯ ಒಂದು ವಾರಪತ್ರಿಕೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಪುಟ ಕಟ್ಟುತ್ತಿದ್ದೆ. ಪತ್ರಿಕೆ ಅಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಸೈಕಲ್ ಅಂಗಡಿಯ ಮೇಲೆ ಒಂದು ಕೋಣೆ, ಎಂಟು ಪುಟ, ಇಬ್ಬರು ಜನ. ಒಬ್ಬಳು ನಾನು. ಇನ್ನೊಬ್ಬರು ಸಂಪಾದಕರು, ಪಂಪಾಪತಿ ಸರ್.

ಪಂಪಾಪತಿ ಸರ್‌ಗೆ ಹಂಪಿ ಬಜಾರಿನಲ್ಲಿ ಹಳೇ ಪುಸ್ತಕ ಮಾರುವ ಒಬ್ಬ ಗೆಳೆಯನಿದ್ದ. ವಿದೇಶಿಯರು ಬಿಟ್ಟುಹೋದ ಇಂಗ್ಲಿಷ್ ಪತ್ರಿಕೆಗಳನ್ನೆಲ್ಲ ಅವನು ಇವರಿಗೆ ತಂದುಕೊಡುತ್ತಿದ್ದ. ಒಂದು ದಿನ ಅಂಥದೊಂದನ್ನು ಎದೆಗೆ ಅವುಚಿಕೊಂಡು ಮೆಟ್ಟಿಲು ಹತ್ತಿ ಬಂದರು.

"ನೋಡವಾ ಇಲ್ಲೆ. ಇವ್ರು ವರ್ಷಕ್ಕೊಮ್ಮಿ ಇಡೀ ಜಗತ್ತಿಗೆ ಒಬ್ಬನ್ನ ಆರಸ್ತಾರ. ನಾವು ನಾಕೂರಿಗೆ ಒಬ್ಬನ್ನ ಆರಸೂಣು. ಹೊಸಪೇಟಿ, ಹಂಪಿ, ಸಂಡೂರು, ಕಂಪ್ಲಿ. ಏನಂತಿ?"

"ಪ್ರಭಾವಿ ಅಂತ ಹೆಂಗ ಗುರ್ತು ಹಿಡಿಯೂದ್ರಿ ಸರ್?"

ಅವರು ಕಿಟಕಿಯಾಚೆ ನೋಡಿದರು. ಹಾರ್ನ್ ಹೊಡೆಯುತ್ತಾ ಸಾಲು ಸಾಲು ಲಾರಿ. "ಯಾರ ಮಾತಿಗೆ ಈ ಲಾರಿ ನಿಂದರತಾವೋ, ಅವನ ಪ್ರಭಾವಿ."

ಅವರು ತಮಾಷೆಗೆ ಅಂದದ್ದು. ನನಗೆ ಮಾತ್ರ ತಕ್ಷಣ ಹೊಳೆದದ್ದು ಒಂದೇ ಮುಖ: ಮಿರ್ಚಿ ಹಂಪಮ್ಮ.

ಸಂಡೂರು ರಸ್ತೆಗೆ ಶಾಲೆಯ ಓಣಿ ಕೂಡುವ ಮೂಲೆಯಲ್ಲಿ ಹಂಪಮ್ಮಕ್ಕನ ಬಂಡಿ. ಬೆಳಗ್ಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಗಿರಾಕಿಗಳೆಲ್ಲ ಲಾರಿ ಡ್ರೈವರುಗಳೇ. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಈಕೆ ಬಾಣಲೆ ಬಿಟ್ಟು, ಎಣ್ಣೆ ಸೋರುವ ಜಾಲರಿ ಸೌಟನ್ನು ಎತ್ತಿ ಹಿಡಿದು ರಸ್ತೆಯ ನಡುವೆ ನಿಂತುಬಿಡುತ್ತಿದ್ದಳು. "ನಿಂದರಲೇ! ಏ ಬಾಬು, ಆಗು ಆಗು! ಕೂಸುಗಳು ದಾಟ್ಲಿ!" ಕನ್ನಡದವನಿಗೆ ಕನ್ನಡ, ಆಂಧ್ರದವನಿಗೆ ತೆಲುಗು. ಅಷ್ಟು ದೊಡ್ಡ ಲಾರಿಗಳು ಉಸ್ ಎಂದು ನಿಲ್ಲುತ್ತಿದ್ದವು. ನಿಲ್ಲದವನಿಗೆ ಶಿಕ್ಷೆ ಇತ್ತು: ಮರುದಿನ ಅವನ ತಟ್ಟೆಗೆ ಬರೀ ಮಂಡಕ್ಕಿ. "ಯವ್ವಾ, ಒಂದ ಒಂದು ಮಿರ್ಚಿ ಹಾಕಬೇ" ಅಂತ ಮೀಸೆ ಹೊತ್ತ ಗಂಡಸರು ಗೋಗರೆಯುವುದನ್ನು ನಾನೇ ಕಂಡಿದ್ದೇನೆ. "ನಿನ್ನಿ ಬ್ರೇಕ್ ಇರಲಿಲ್ಲೇನು? ಇವತ್ತು ಮಿರ್ಚಿ ಇಲ್ಲ" ಅನ್ನುವಳು. ಮೂರನೇ ದಿನ ಅವನ ಲಾರಿ ನಾಲ್ಕು ಮಾರು ದೂರದಲ್ಲೇ ನಿಂತಿರುತ್ತಿತ್ತು.

ಆದರೆ ಆ ಮೂಲೆಗೇ ಕುತ್ತು ಬಂದಿತ್ತು. ಅಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಬರುತ್ತದೆಂದೂ, ಹೊಸ ವರ್ಷದೊಳಗೆ ಜಾಗ ಖಾಲಿ ಮಾಡಬೇಕೆಂದೂ ಒಬ್ಬ ಸಾವ್ಕಾರರ ಮ್ಯಾನೇಜರ್ ಬಂದು ಹೇಳಿಹೋಗಿದ್ದ. ಸಾವ್ಕಾರರ ಹೆಸರು ಇಲ್ಲಿ ಬೇಡ, ನಿಮ್ಮ ತಲೆಯಲ್ಲಿರುವ ಯಾರೂ ಅವರಲ್ಲ. ಲಾರಿಗಳು ಲೆಕ್ಕವಿಲ್ಲದಷ್ಟು, ಕಾರು ಮೂರು, ಕುತ್ತಿಗೆಯಲ್ಲಿ ಸರ, ಅಷ್ಟು ಸಾಕು.

"ನಾ ಎಲ್ಲೆರ ಹೋಗಿ ಮಿರ್ಚಿ ಕರೀತೀನವಾ," ಅಂದಿದ್ದಳು ಹಂಪಮ್ಮಕ್ಕ. "ಇಲ್ಲೆ ಕೂಸುಗಳನ್ನ ದಾಟಸಾವ್ರು ಯಾರು?"

ನಾನು ಹುಮ್ಮಸ್ಸಿನಲ್ಲಿ ಮಾತು ಕೊಟ್ಟುಬಿಟ್ಟೆ. "ನೀ ವರ್ಷದ ಪ್ರಭಾವಿ ವ್ಯಕ್ತಿ ಆಗ್ತಿ ನೋಡಕ್ಕಾ. ಪೇಪರಿನ್ಯಾಗ ಬಂದಾಕಿನ್ನ ಎಬ್ಬಸಾಕ ಯಾರಿಗೆ ಧೈರ್ಯ ಐತಿ?"

ಪಂಪಾಪತಿ ಸರ್ ನಿಯಮ ಮಾಡಿದರು. ಪತ್ರಿಕೆಯಲ್ಲಿ ಒಂದು ಕೂಪನ್ ಇರುತ್ತದೆ. ಅದನ್ನು ಕತ್ತರಿಸಿ, ನಿಮ್ಮ ಆಯ್ಕೆಯ ಹೆಸರು ಬರೆದು, ಡಬ್ಬಿಗೆ ಹಾಕಬೇಕು. ಹೆಚ್ಚು ಕೂಪನ್ ಬಂದವರಿಗೆ ಸನ್ಮಾನ. ಅದೇ ಸಂಚಿಕೆಯಲ್ಲಿ ನಾನು ಹಂಪಮ್ಮನ ಬಗ್ಗೆ ಒಂದು ಲೇಖನ ಬರೆದೆ. ನನ್ನ ಬದುಕಿನ ಮೊದಲ ಲೇಖನ. ಸೌಟು ಎತ್ತಿ ಲಾರಿ ನಿಲ್ಲಿಸುವ ಫೋಟೋವನ್ನೂ ನಾನೇ ತೆಗೆದಿದ್ದೆ.

ಪುಟ ಕಟ್ಟುವವರಿಗೆ ಒಂದು ನಿಯಮವಿದೆ. ಕತ್ತರಿಸುವ ಕೂಪನ್ ಇದ್ದರೆ, ಅದರ ಬೆನ್ನಿಗೆ ಯಾವತ್ತೂ ಜಾಹೀರಾತನ್ನೇ ಇಡಬೇಕು, ಸುದ್ದಿಯನ್ನಲ್ಲ. ಪುಟಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಬೆಳಕಿಗೆ ಹಿಡಿದು ನೋಡು ಅಂತ ಸರ್ ನನಗೆ ಮೊದಲ ದಿನವೇ ಕಲಿಸಿದ್ದರು. ನಮ್ಮ ಕೂಪನ್ನಿನ ಬೆನ್ನಿಗೆ ಒಬ್ಬರ ಹುಟ್ಟುಹಬ್ಬದ ಜಾಹೀರಾತು ಇತ್ತು. ಕೊನೇ ಗಳಿಗೆಯಲ್ಲಿ ಅದು ರದ್ದಾಯಿತು. ಅಷ್ಟು ದೊಡ್ಡ ಜಾಗ ಖಾಲಿಯಾದದ್ದು ಕಂಡು ನನಗೆ ಖುಷಿಯೋ ಖುಷಿ. ಹಂಪಮ್ಮನನ್ನು ಅಲ್ಲಿಗೆ ಎಳೆದು ತಂದು, ಫೋಟೋ ಇನ್ನಷ್ಟು ದೊಡ್ಡದು ಮಾಡಿ ಕೂರಿಸಿದೆ. ಬೆಳಕಿಗೆ ಹಿಡಿದು ನೋಡಲಿಲ್ಲ. ಮೊದಲ ಲೇಖನದ ಅಮಲು ನೋಡಿ.

ಸಂಚಿಕೆ ಬಂದ ದಿನ ಬೆಳಗ್ಗೆ ಅಂಗಡಿಗಳಲ್ಲಿ ಹುಡುಕಿದರೆ ಒಂದೂ ಪ್ರತಿ ಇಲ್ಲ. ಸ್ಪರ್ಧೆಯ ಸುದ್ದಿ ಮೊದಲೇ ತಿಳಿದಿದ್ದ ಸಾವ್ಕಾರರ ಜನ ಜೀಪಿನಲ್ಲಿ ಬಂದು, ಕಟ್ಟು ಬಿಚ್ಚುವ ಮೊದಲೇ ಅಷ್ಟನ್ನೂ ಕೊಂಡುಹೋಗಿದ್ದರು. ನನ್ನ ಲೇಖನ ಓದಿದವರು ನಮ್ಮವ್ವ, ಪಂಪಾಪತಿ ಸರ್ ಮತ್ತು ಅಂಚೆಯಲ್ಲಿ ಪತ್ರಿಕೆ ತರಿಸುತ್ತಿದ್ದ ಕಂಪ್ಲಿಯ ಒಬ್ಬ ಕ್ಷೌರಿಕ.

ನಾಲ್ಕು ದಿನ ಬಿಟ್ಟು ಹಂಪಮ್ಮಕ್ಕನ ಬಂಡಿಗೆ ಹೋದೆ. ಆಕೆ ಮಿರ್ಚಿ ಕಟ್ಟುವ ರದ್ದಿ ಕಾಗದದ ಗಂಟನ್ನೇ ನನ್ನ ಮುಂದೆ ಇಟ್ಟಳು. ಎಲ್ಲ ನಮ್ಮದೇ ಪತ್ರಿಕೆ. ಕೂಪನ್ ಕತ್ತರಿಸಿಕೊಂಡು, ಉಳಿದದ್ದನ್ನು ರದ್ದಿಗೆ ಹಾಕಿದ್ದರು. ಪ್ರತಿ ಹಾಳೆಯಲ್ಲೂ ಒಂದು ಚೌಕಾಕಾರದ ಕಿಂಡಿ. ಕಿಂಡಿಯ ಪಕ್ಕದಲ್ಲಿ ಒಂದು ಕೈ, ಕೈಯಲ್ಲಿ ಸೌಟು.

"ಕೈ ನಂದು. ಸೌಟು ನಂದು," ಅಂದಳು. "ನನ್ನ ತಲಿ ಎಲ್ಲೈತವಾ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಡ್ರೈವರೊಬ್ಬ ಆ ಕಿಂಡಿಯಲ್ಲಿ ತನ್ನ ಮುಖ ತೂರಿಸಿ, "ಇಲ್ಲೈತಿ ನೋಡಬೇ ನಿನ್ನ ತಲಿ!" ಅಂದ. ಅವನಿಗೆ ಅವತ್ತು ಮಿರ್ಚಿ ಇಲ್ಲ.

"ಹೋಗ್ಲಿ ಬಿಡು," ಅಂದಳು ಆಕೆ, ನಗು ಮುಗಿದ ಮೇಲೆ. "ಜಾಗದ್ದು ಏನಾತು? ಮ್ಯಾನೇಜರ್ ಮತ್ತ ಬಂದಿದ್ದ. ಹದಿನೈದು ದಿನ ಅಂದಾನ."

ಅವತ್ತು ನಾನು ಮಿರ್ಚಿ ಕೇಳದೆಯೇ ವಾಪಸು ಬಂದೆ.

ಡಬ್ಬಿ ತೆರೆದೆವು. ಹಂಪಮ್ಮನಿಗೆ ಬಂದದ್ದು ಐದು ಮತ. ಒಂದು ನನ್ನದು, ಎರಡು ನಮ್ಮವ್ವನವು, ಒಂದು ಕಂಪ್ಲಿಯ ಕ್ಷೌರಿಕನದು, ಇನ್ನೊಂದರ ಅಕ್ಷರ ಪಂಪಾಪತಿ ಸರ್ ಅವರದೇ, ಅವರು ಒಪ್ಪಿಕೊಳ್ಳಲಿಲ್ಲ. ಉಳಿದದ್ದೆಲ್ಲ ಸಾವ್ಕಾರರಿಗೆ. ಮೇಜಿನ ಮೇಲೆ ಸುರಿದ ರಾಶಿಯಲ್ಲಿ ಅರ್ಧದಷ್ಟು ಕೂಪನ್ ಬೋರಲು ಬಿದ್ದಿದ್ದವು, ಅಷ್ಟರಲ್ಲೂ ಹಂಪಮ್ಮನ ತಲೆ! ಸರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಬೆಳಕಿಗೆ ಹಿಡಿದು ನೋಡಿದ್ದಿ ಏನವಾ?"

"ಇಲ್ರಿ ಸರ್."

"ಛಲೋ ಮಾಡ್ದಿ" ಅಂದರು. ಅದು ಹೊಗಳಿಕೆಯಲ್ಲ, ನಮ್ಮ ಕಡೆಯವರಿಗೆ ಗೊತ್ತಾಗುತ್ತದೆ. ಆದರೆ ಮತ ಮತವೇ. ಸಾವ್ಕಾರರು ಗೆದ್ದರೆಂದು ಅವರು ಪ್ರಾಮಾಣಿಕವಾಗಿಯೇ ಘೋಷಿಸಿದರು.

ಮರುದಿನ ಮ್ಯಾನೇಜರ್ ಬಂದ. "ಆ ಕೂಪನ್ ಎಲ್ಲಾ ನಮಗ ಕೊಡ್ರಿ. ಮಾಲಿ ಮಾಡ್ಸತೀವಿ. ಜನರ ಪ್ರೀತಿ ಅಂತ ಹೇಳಿ ಸಾವ್ಕಾರ್ರ ಕೊರಳಿಗೆ ಅದನ್ನ ಹಾಕೂದು." ಸೇಬಿನ ಹಾರ, ನೋಟಿನ ಹಾರ ಎಲ್ಲ ಹಳತಾಗಿದ್ದ ಕಾಲ. ಮತದ ಹಾರ ಹೊಸದು. ಮ್ಯಾನೇಜರ್ ಗೋಣಿಚೀಲದಲ್ಲಿ ಕೂಪನ್ ತುಂಬಿಕೊಂಡು ಹೋಗಿ ಹೂಗಾರನ ಕೈಗೆ ಕೊಟ್ಟ. ಹೂಗಾರ ಕೂಪನ್ನಿನ ಎರಡೂ ಬದಿ ನೋಡಿದ್ದಾನೆ. ಒಂದು ಬದಿ ಯಾರ್ಯಾರೋ ಗೀಚಿದ ಅಕ್ಷರ. ಇನ್ನೊಂದು ಬದಿ ಫೋಟೋ. ಬುದ್ಧಿಯಿರುವ ಯಾವ ಹೂಗಾರನಾದರೂ ಫೋಟೋ ಇರುವ ಬದಿಯನ್ನೇ ಹೊರಗೆ ಮಾಡಿ ಪೋಣಿಸುತ್ತಾನೆ.

ಸನ್ಮಾನದ ದಿನ ಸ್ವಾಗತ ಗೀತೆಗೆ ಅದೇ ಶಾಲೆಯ ಹುಡುಗಿಯರನ್ನು ಕರೆಸಿದ್ದರು. ಬುಟ್ಟಿಯಿಂದ ಹಾರ ಎತ್ತಿದರು, ನಾಲ್ಕು ಜನ ಹಿಡಿದು ಸಾವ್ಕಾರರ ಕೊರಳಿಗೆ ಹಾಕಿದರು. ಕೊರಳಿನಿಂದ ಮೊಣಕಾಲಿನವರೆಗೆ ಹಂಪಮ್ಮ, ಹಂಪಮ್ಮ, ಹಂಪಮ್ಮ. ನಿರೂಪಕ ತಬ್ಬಿಬ್ಬಾದರೂ ಸಾವರಿಸಿಕೊಂಡು, "ಹೆತ್ತ ತಾಯಿಯ ಭಾವಚಿತ್ರವನ್ನೇ ಧರಿಸಿರುವ ಮಾತೃಭಕ್ತರು" ಅಂದುಬಿಟ್ಟ. ಚಪ್ಪಾಳೆಯೂ ಬಿತ್ತು. ಆಗ ಹಾಡಿನ ಗುಂಪಿನಿಂದ ಒಬ್ಬ ಹುಡುಗಿ ಕೂಗಿದಳು: "ಏ, ಹಂಪಮ್ಮಜ್ಜಿ!"

ಉಳಿದವರೂ ಶುರು ಮಾಡಿದರು. ಸಭೆಯೆಲ್ಲ ನಗು. ಸಾವ್ಕಾರರು ಬಗ್ಗಿ ತಮ್ಮ ಎದೆಯ ಮೇಲಿನ ಮುಖ ನೋಡಿಕೊಂಡರು.

"ಯಾರವಾ ಈಕಿ?"

"ನಿಮ್ಮ ಲಾರಿ ನಿಂದರಸ್ತಾಳ್ರಿ," ಅಂದಳು ಹುಡುಗಿ. "ನಾವು ದಾಟೂತನಕ."

ಮ್ಯಾನೇಜರ್ ಬಂದು ಕಿವಿಯಲ್ಲಿ ಏನೋ ಊದಿದ. ಮೂಲೆ ಎಂಬ ಮಾತು ಮುಂದಿನ ಸಾಲಿನಲ್ಲಿದ್ದ ನನಗೂ ಕೇಳಿಸಿತು. ಹಾರ ಕಿತ್ತು ಎಸೆದರೆ ಪತ್ರಿಕೆಯೂ ಹೋಯಿತು, ಬಂಡಿಯೂ ಹೋಯಿತು. ಸಾವ್ಕಾರರು ಹಾರ ಸರಿಪಡಿಸಿಕೊಂಡು ಮೈಕಿಗೆ ಬಂದರು.

"ನಾನೂ ಮದಲು ಲಾರಿ ಕ್ಲೀನರ್ ಇದ್ದಾಂವ. ಮಿರ್ಚಿ ತಿಂದ ಬೆಳದಾಂವ. ಈಗ ಈಕಿನ್ನ ಕೊರಳಾಗ ಹಾಕ್ಕೊಂಡೀನಿ. ಹಾಕ್ಕೊಂಡಾಕಿನ್ನ ಎಬ್ಬಸಾಕ ಬರತೈತೇನು? ಏ ಮ್ಯಾನೇಜರ್, ವೇಬ್ರಿಡ್ಜ್ ಆಚಿ ಕಡಿ ಕಟ್ರಿ."

ಅವರು ದೇವರಂಥ ಮನುಷ್ಯ ಅಂತ ನಾನು ಹೇಳುವುದಿಲ್ಲ. ಮುಂದೆ ಮೈಕು ಇದ್ದರೆ ಎಲ್ಲರೂ ಐದು ನಿಮಿಷ ಒಳ್ಳೆಯವರೇ. ಆದರೆ ವೇದಿಕೆ ಇಳಿದ ಮೇಲೂ ಮಾತು ಉಳಿಸಿಕೊಂಡರು, ಅದನ್ನು ಹೇಳಲೇಬೇಕು. ವೇಬ್ರಿಡ್ಜ್ ಆಚೆ ಬಂತು. ಮೂಲೆ ಹಂಪಮ್ಮನದೇ ಆಯಿತು.

ಓಡಿಹೋಗಿ ಸುದ್ದಿ ಹೇಳಿದೆ. ಆಕೆಯ ಕೈಯಿಂದ ಸೌಟು ಜಾರಿತು.

"ಅವನ ಕೊರಳಾಗ ನಾನಾ? ಎಲ್ಲಾರ ಮುಂದ? ಅಯ್ಯ ನಿನ್ನ, ನಮ್ಮನಿಯಾಂವ ಕೇಳಿದ್ರ ಏನಂದಾನ!" ಅಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಸೆರಗು ಕಣ್ಣಿಗೂ ಹೋಯಿತು. ಅವತ್ತಿನಿಂದ ನನ್ನ ತಟ್ಟೆಗೆ ಕೇಳದೆಯೇ ಒಂದು ಮಿರ್ಚಿ ಹೆಚ್ಚು.

ಊರೆಲ್ಲ ನನ್ನ ಉಪಾಯವನ್ನು ಹೊಗಳಿತು. "ಕೂಪನ್ ಬೆನ್ನಿಗೆ ಬೇಕಂತನ ಇಟ್ಟಾಳ ನೋಡ್ರಿ, ಭಾಳ ಶಾಣ್ಯಾ ಹುಡಿಗಿ!" ನಾನು ಅಲ್ಲ ಅನ್ನಲಿಲ್ಲ. ಪಂಪಾಪತಿ ಸರ್ ಕೂಡ ಬಾಯಿ ಬಿಡಲಿಲ್ಲ. ಇಷ್ಟು ವರ್ಷ ಆ ಹೆಸರಿನಲ್ಲೇ ಮಿರ್ಚಿ ತಿಂದೆ.

ಆಮೇಲೆ ಅದಿರಿನ ಕಾಲ ಮುಗಿಯಿತು. ಲಾರಿಗಳು ನಿಂತವು, ಈ ಸಲ ಯಾರ ಸೌಟಿಗೂ ಅಲ್ಲ. ಗಿರಾಕಿಗಳಿಲ್ಲದ ಮೂಲೆಯಲ್ಲಿ ಹಂಪಮ್ಮಕ್ಕ ಒಂದಷ್ಟು ದಿನ ಕೂತು, ಮಗಳ ಊರಾದ ಕಮಲಾಪುರಕ್ಕೆ ಬಂಡಿ ಸಾಗಿಸಿದಳು. ಹೋದ ವಾರ ನಾನು ನಿಂತಿದ್ದದ್ದು ಅದೇ ಬಂಡಿಯ ಮುಂದೆ. ಈಗ ಕರಿಯುವುದು ಮಗಳು. ಹಂಪಮ್ಮಕ್ಕ ಸ್ಟೂಲಿನ ಮೇಲೆ ಕೂತು ಮೆಣಸಿನಕಾಯಿ ಸೀಳುತ್ತಾಳೆ, ಎಲ್ಲರನ್ನೂ ಬೈಯುತ್ತಾಳೆ.

ಎಣ್ಣೆ ಕಾಗದವನ್ನು ಆಕೆಗೆ ತೋರಿಸಿದೆ. "ಈ ವರ್ಷದ ಪ್ರಭಾವಿ ವ್ಯಕ್ತಿಯಂತ ನೋಡಕ್ಕಾ. ಇಡೀ ಜಗತ್ತಿಗೆ."

ಆಕೆ ಕಾಗದ ಇಸಿದುಕೊಂಡು, ಆ ದೊಡ್ಡ ಮನುಷ್ಯನನ್ನು ಅರೆಗಳಿಗೆಯೂ ನೋಡದೆ ಮಗುಚಿ ಹಾಕಿದಳು. "ಹಿಂದ ಯಾರದಾರ?"

ಹಿಂದೆ ಬೋರ್‌ವೆಲ್ ಕೊರೆಯುವವರ ಜಾಹೀರಾತಿತ್ತು. ಆದರೆ ಆ ಪ್ರಶ್ನೆ ಕೇಳಿದ್ದೇ ನನಗೆ ಆ ಹಳೇ ಕೂಪನ್ ನೆನಪಾಯಿತು. ಅಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ. ಉಪಾಯ ಮಾಡಿರಲಿಲ್ಲ, ಪುಟ ತಪ್ಪಿತ್ತು, ಬೆಳಕಿಗೆ ಹಿಡಿದು ನೋಡಿರಲಿಲ್ಲ, ಇಷ್ಟು ವರ್ಷದ ಹೆಚ್ಚಿನ ಮಿರ್ಚಿಗಳೆಲ್ಲ ಸುಳ್ಳಿನವು ಅಂತ.

"ಗೊತ್ತೈತಿ ತಗಿ," ಅಂದಳು, ಮೆಣಸಿನಕಾಯಿಯಿಂದ ಕಣ್ಣೆತ್ತದೆ. "ಅಷ್ಟು ಶಾಣ್ಯಾ ಇದ್ದಿದ್ರ ಫೋಟೋದಾಗ ನನ್ನ ಮೂಗು ಹಂಗ್ಯಾಕ ಬಜ್ಜಿ ಆಗಿರ್ತಿತ್ತು? ಏ ಈಕಿಗೆ ಇನ್ನೊಂದು ಹಾಕಬೇ."

ಆ ಮಿರ್ಚಿಯನ್ನು ಮೊದಲ ಸಲ ನೆಮ್ಮದಿಯಾಗಿ ತಿಂದೆ. ಈಗ ಮನೆಯಲ್ಲಿ ಯಾವ ಪತ್ರಿಕೆಯಲ್ಲಿ ಯಾವ ದೊಡ್ಡವರ ಮುಖ ಬಂದರೂ ಒಮ್ಮೆ ಹಾಳೆ ತಿರುವಿ, ಬೆಳಕಿಗೆ ಹಿಡಿದು ನೋಡುತ್ತೇನೆ. ಮನೆಯವರಿಗೆ ನನ್ನ ತಲೆ ಕೆಟ್ಟಿದೆ ಅನ್ನಿಸಿದೆ, ಅನ್ನಿಸಲಿ.

ನಿಮ್ಮೂರಲ್ಲೂ ಹೀಗೆ ಹಾಳೆಯ ಹಿಂಬದಿಯಲ್ಲಿ ಉಳಿದುಹೋದವರು ಇದ್ದೇ ಇರುತ್ತಾರೆ. ಅವರು ಯಾರು, ಏನನ್ನು ನಿಲ್ಲಿಸಿದರು, ಯಾರನ್ನು ದಾಟಿಸಿದರು, ಕೆಳಗೆ ಬರೆಯಿರಿ. ಒಂದೂ ಬಿಡದೆ ಓದುತ್ತೇನೆ. ಫೋಟೋ ಹಾಕುವವರು ಮಾತ್ರ, ದಯವಿಟ್ಟು, ತಲೆ ಪೂರ್ತಿ ಬರುವ ಹಾಗೆ ನೋಡಿಕೊಳ್ಳಿ.