ಕೊಬ್ಬು ಸುಡುವ ವಾಸನೆ

ಮೊನ್ನೆ ಮಂಗಳವಾರ ಮಧ್ಯಾಹ್ನ, ಲಿಂಗಸುಗೂರಿನಲ್ಲಿ ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಊಟಕ್ಕೆ ಕೂತಿದ್ದೆ. ಎದುರಿಗೆ ಕೂತ ಹುಡುಗಿ, ಸಂಜೆ ತಂಗಿಯ ನಿಶ್ಚಯ ಇದೆಯೆಂದು ಹಳೆಯ ಉಗುರಿನ ಬಣ್ಣ ಅಳಿಸುತ್ತಿದ್ದಳು. ಹತ್ತಿಗೆ ನೇಲ್ ಪಾಲಿಶ್ ರಿಮೂವರ್ ಹನಿಸಿದಳು. ಅದರ ವಾಸನೆ ಮೂಗಿಗೆ ಹೊಡೆದದ್ದೇ ತಡ, ಬಾಯಿಗಿಟ್ಟ ತುತ್ತನ್ನು ಕೈಗೆ ಉಗುಳಿ ಹೊರಗೆ ಬಂದು ನಿಂತೆ. ಬಾಯಿ ತುಂಬ ನೀರು ಒಸರುತ್ತಿತ್ತು. ಅವಳು ಹಿಂದೆಯೇ ಬಂದು, ಏನಾಯಿತು, ಹೊಟ್ಟೆ ಕೆಟ್ಟಿದೆಯೇ ಎಂದು ಕೇಳಿದಳು. ಹೌದು ಅಂದೆ.

ಹೊಟ್ಟೆ ಕೆಟ್ಟಿರಲಿಲ್ಲ. ಆ ವಾಸನೆ ನನಗೆ ಶೀಶೆಯದಲ್ಲ, ಒಬ್ಬ ಹೆಂಗಸಿನ ಬಾಯಿಯದು. ಅದಕ್ಕೆ ಕಳಿತು ಕಪ್ಪಾದ ಬಾಳೆಹಣ್ಣಿನ ವಾಸನೆ ಸ್ವಲ್ಪ ಸೇರಿಸಿದರೆ ಸರಿಯಾಗಿ ಅದೇ...

ಮಸ್ಕಿಯಲ್ಲಿ ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ಗಂಡ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸದವನು, ರಜೆ ಸಿಕ್ಕಾಗ ಬಂದು ಹೋಗುತ್ತಿದ್ದ. ಮನೆಯಲ್ಲಿ ಅತ್ತೆ-ಸೊಸೆ ಇಬ್ಬರೇ. ಇಬ್ಬರೂ ಬೆಳಗಿನಿಂದ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡುತ್ತಿದ್ದರು. ಅವಳು ರೊಟ್ಟಿ ತಟ್ಟುವ ಸದ್ದು ಗೋಡೆಯ ಈಚೆ ನನಗೆ ಓದುವಾಗಲೆಲ್ಲ ಕೇಳುತ್ತಿತ್ತು. ನಾನು ಆಗ ಪಿಯುಸಿ ಎರಡನೇ ವರ್ಷ. ದಿನವೂ ತಾರೀಖು, ವಾರ ಹಾಕಿ ಡೈರಿ ಬರೆಯುವ ಚಟ ಆಗಲೇ ಹತ್ತಿತ್ತು: ಎಷ್ಟು ಪುಟ ಓದಿದೆ, ಮನೆಗೆ ಯಾರು ಬಂದರು, ಏನು ಅಡಿಗೆ. ಅದನ್ನು ನೋಡಿ ಅಕ್ಕ ನನ್ನನ್ನು ಮುನ್ಶಿ ಎಂದು ಕರೆಯುತ್ತಿದ್ದಳು. "ಏನವ್ವಾ ಮುನ್ಶಿ, ಇವತ್ತು ನಾ ಎಷ್ಟು ಸರ್ತಿ ಸೀನೀನಿ, ಬರಕೊಂಡಿಯೇನು?"

ಅಕ್ಕನಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂದಿತ್ತು. ಮುದುಕರಿಗೆ ಬರುವಂಥದಲ್ಲ, ಗುಳಿಗೆಗೆ ಬಗ್ಗುವಂಥದೂ ಅಲ್ಲ. ಇನ್ಸುಲಿನ್ ಸೂಜಿ ಚುಚ್ಚಿಕೊಂಡರೆ ಮಾತ್ರ ದಿನ ಸಾಗುತ್ತಿತ್ತು. ಫ್ರಿಜ್ ಇರಲಿಲ್ಲ; ನೀರಿನ ಗಡಿಗೆಯ ಪಕ್ಕ ಒದ್ದೆ ಬಟ್ಟೆ ಸುತ್ತಿದ ಪುಟ್ಟ ಮಡಕೆಯಲ್ಲಿ ಔಷಧದ ಶೀಶೆ ಇಡುತ್ತಿದ್ದಳು. ನೋವಿಗಿಂತ ಹೆಚ್ಚಾಗಿ ಅವಳಿಗೆ ಅದರ ನಾಚಿಕೆ ಇತ್ತು. ಮದುವೆಗೆ ಹೋದರೆ ಬಚ್ಚಲು ಮನೆ ಹುಡುಕಿ ಬಾಗಿಲು ಹಾಕಿಕೊಳ್ಳಬೇಕು. ನಳದ ಹತ್ತಿರ ಹೆಂಗಸರು, ಅಂಟುತ್ತದೋ ಏನೋ ಎಂದು ಮಕ್ಕಳನ್ನು ಈಚೆ ಎಳೆದುಕೊಳ್ಳುತ್ತಿದ್ದರು. ಒಂದು ದಿನವಾದರೂ ಸೂಜಿ ಇಲ್ಲದೆ ಎಲ್ಲರ ಹಾಗೆ ಉಂಡು ಮಲಗಬೇಕು ಅನ್ನುವುದೊಂದೇ ಅವಳ ಆಸೆ. ಬೇರೆ ಏನನ್ನೂ ಅವಳು ಕೇಳಿದ್ದು ನನಗೆ ನೆನಪಿಲ್ಲ.

ಬಸ್ ನಿಲ್ದಾಣದ ಹತ್ತಿರ, ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ, ಆ ವರ್ಷ ತೂಕ ಇಳಿಸುವ ಕ್ಲಬ್ಬು ತೆರೆಯಿತು. ಮೊದಲು ಸೇರಿದವಳು ಅತ್ತೆ, ಮೊಣಕಾಲು ನೋವಿಗೆಂದು. ಆಮೇಲೆ ಸೊಸೆಯನ್ನೂ ಕರೆದುಕೊಂಡು ಹೋದಳು. ಅಕ್ಕ ದಪ್ಪಗೇನೂ ಇರಲಿಲ್ಲ. ಆದರೆ ಸಿಂಧನೂರಿನಿಂದ ಬರುತ್ತಿದ್ದ ಕ್ಲಬ್ಬಿನ ಸರ್, ತಾನು ಮಾರುವ ಪುಡಿ ನೀರಿಗೆ ಕಲಸಿ ಕುಡಿದವರು ಗುಳಿಗೆ, ಸೂಜಿ ಎಲ್ಲ ಬಿಟ್ಟಿದ್ದಾರೆ ಎಂದು ಹೇಳಿದ್ದನಂತೆ.

ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೋದಳು. ಹತ್ತು ಬೈ ಹತ್ತರ ಕೋಣೆ, ಕಿಟಕಿ ಇಲ್ಲ. ವೆನಿಲಾ ಪುಡಿಯ ಸಿಹಿ ವಾಸನೆ, ಬೆವರಿನ ವಾಸನೆ. ಒಂದೇ ಬಕೆಟ್ಟಿನ ನೀರಿನಲ್ಲಿ ಅದ್ದಿ ತೆಗೆದ ಗ್ಲಾಸುಗಳು. ಬಕೆಟ್ಟಿನ ನೀರು ಆಗಲೇ ಹಾಲಿನ ಬಣ್ಣಕ್ಕೆ ತಿರುಗಿತ್ತು, ಮೇಲೆ ಪುಡಿಯ ಗಂಟುಗಳು ತೇಲುತ್ತಿದ್ದವು. ಒಬ್ಬೊಬ್ಬರನ್ನೇ ತೂಕದ ಯಂತ್ರದ ಮೇಲೆ ನಿಲ್ಲಿಸಿ ಜೋರಾಗಿ ಓದುತ್ತಿದ್ದರು. ಇಳಿದವರಿಗೆ ಚಪ್ಪಾಳೆ. ಇಳಿಯದವರು ತಲೆ ತಗ್ಗಿಸಿ ಹೋಗಿ ಗೋಡೆಗೆ ಒರಗುತ್ತಿದ್ದರು.

ಆಮೇಲೆ ಸರ್ ಮಾತಾಡಿದ. ಬಿಳಿ ಅಂಗಿ, ಹಲ್ಲು ತುಂಬ ನಗು. "ನೀವು ಒಲಿ ಮುಂದ ಕುಂದ್ರೋರು, ನಿಮಗ ನಾ ಏನು ಹೇಳ್ಲಿ? ಅನ್ನ, ರೊಟ್ಟಿ ಅಂದ್ರ ಹತ್ತಿಕಟಗಿ ಇದ್ದಂಗ. ಭರ್ ಅಂತ ಹತ್ತತೈತಿ, ಬೂದಿ ಆಗತೈತಿ. ಮೈಯಾಗಿನ ಕೊಬ್ಬು ಅಂದ್ರ ಜಾಲಿ ಬಡ್ಡಿ, ರಾತ್ರಿಯೆಲ್ಲ ಉರಿತೈತಿ. ನೀವು ಹತ್ತಿಕಟಗಿ ಹಾಕೂದು ನಿಂದರಸ್ರಿ, ತಾನ ಜಾಲಿ ಬಡ್ಡಿಗೆ ಬೆಂಕಿ ಬೀಳತೈತಿ." ಎಲ್ಲರೂ ಹೂಂ ಹೂಂ ಎಂದರು. ಅಕ್ಕನ ಕಣ್ಣು ಅರಳಿದ್ದನ್ನು ನಾನು ನೋಡಿದೆ. ಯಾರೂ ಅವಳಿಗೆ ಅವಳ ಮೈಯ ಬಗ್ಗೆ ಇಷ್ಟು ತಿಳಿಯುವ ಹಾಗೆ ಹೇಳಿರಲಿಲ್ಲ.

ನಾನು ಎದ್ದು, ಸೂಜಿ ತಗೊಳ್ಳೋರಿಗೂ ಇದು ನಡೆಯುತ್ತದೇನು, ನಮ್ಮ ಪುಸ್ತಕದಲ್ಲಿ ಬೇರೆ ಇದೆ ಎಂದೆ. ಆತ ನಗುನಗುತ್ತಲೇ, "ನಿನ್ನ ಪುಸ್ತಕ ಬರದಾವ ರೊಟ್ಟಿ ತಿಂದು ಬರದಾನ ತಂಗಿ" ಅಂದ. ಕೋಣೆಯೆಲ್ಲ ನಕ್ಕಿತು. ಅಕ್ಕ ನನ್ನ ತೊಡೆ ಚಿವುಟಿ ಕೂರಿಸಿದಳು.

ಅಂದಿನಿಂದ ಅವಳು ರೊಟ್ಟಿ ಬಿಟ್ಟಳು. ಊರಿಗೆಲ್ಲ ರೊಟ್ಟಿ ಸುಡುತ್ತ ತಾನು ಬೆಳಿಗ್ಗೆ ಒಂದು ಗ್ಲಾಸು ಪುಡಿ, ರಾತ್ರಿ ಒಂದು ಗ್ಲಾಸು ಪುಡಿ, ನಡುವೆ ಒಂದು ಮೊಟ್ಟೆ, ಒಂದು ಹಿಡಿ ಶೇಂಗಾ. ಸೂಜಿಯನ್ನು ತಾನೇ ಅರ್ಧಕ್ಕೆ ಇಳಿಸಿದಳು. ನನ್ನ ಅವ್ವ ಬೇಡವೆಂದು ಹೇಳಿ ನೋಡಿದಳು. ಅತ್ತೆ, ಆಕೆಗೆ ಗುಣವಾಗುವುದು ನಿಮಗೆ ಬೇಡವೇನು ಎಂದು ಮುಖ ತಿರುವಿದಳು.

ತೂಕ ಇಳಿಯಿತು. ಇಳಿಯದೆ ಏನು ಮಾಡೀತು... ಬಳೆಗಳು ಮೊಣಕೈವರೆಗೆ ಸರಿಯತೊಡಗಿದವು. ತೋಳಿನ ಮಾಂಸ ಕರಗಿ ಚರ್ಮ ಚೀಲದ ಹಾಗೆ ಜೋತಿತು. ಅವರ ಬಚ್ಚಲಿನ ನೀರು ನಮ್ಮ ಹಿತ್ತಲಿನ ಕಾಲುವೆಗೆ ಬರುತ್ತಿತ್ತು. ಅಲ್ಲಿ ಕೆಂಪಿರುವೆಗಳು ದಾರ ಕಟ್ಟಿದ ಹಾಗೆ ಸಾಲು ಹಿಡಿದಿದ್ದವು. ರೊಟ್ಟಿ ತಿನ್ನದವಳ ಉಚ್ಚೆಗೆ ಇರುವೆ ಯಾಕೆ ಮುತ್ತುತ್ತದೆ ಎಂದು ಆ ದಿನ ಡೈರಿಯಲ್ಲಿ ಬರೆದು ಪ್ರಶ್ನೆ ಚಿಹ್ನೆ ಹಾಕಿದ್ದೇನೆ.

ಕ್ಲಬ್ಬಿನವರು ಅವಳಿಗೆ ಸನ್ಮಾನ ಮಾಡಿದರು. ಎಲ್ಲರಿಗಿಂತ ಹೆಚ್ಚು ಇಳಿದವಳೆಂದು ಶಾಲು ಹೊದಿಸಿ, ಹಾರ ಹಾಕಿ, ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆದರು. ಕುರ್ಚಿಯಿಂದ ಏಳುವಾಗ ಅವಳಿಗೆ ತಲೆ ತಿರುಗಿತು, ಇಬ್ಬರು ಹಿಡಿದರು, ಚಪ್ಪಾಳೆ ನಿಲ್ಲಲಿಲ್ಲ. ಸರ್ ಅಲ್ಲೇ ಹೇಳಿದನಂತೆ, ಇಷ್ಟು ಹಗುರ ಆಗಿದ್ದೀಯ, ಇನ್ನು ಸೂಜಿ ಯಾತಕ್ಕೆ.

ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ಹಿಂದಿನ ದಿನ ಅವಳು ಸೂಜಿ ಪೂರ್ತಿ ಬಿಟ್ಟಳು. ಎಳ್ಳಮಾಸಿಗೆ ನಾವೆಲ್ಲ ಕೂಡಿ ಹೊಲಕ್ಕೆ ಹೋದೆವು. ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಹೋಳಿಗೆ. ಅಕ್ಕ ಎಲ್ಲರಿಗೂ ಬಡಿಸಿ, ತಾನು ಶೀಶೆಯಲ್ಲಿ ತಂದ ಪುಡಿ ಕುಡಿದಳು. ಕೊಡಗಟ್ಟಲೆ ನೀರು ಕುಡಿದಳು. ನೆಲದ ಮೇಲೆ ಅವಳ ಪಕ್ಕ ಕೂತಾಗ ಆ ವಾಸನೆ ಮೊದಲ ಸಲ ನನಗೆ ಬಂತು. ಯಾರೋ ಬಣ್ಣದ ಡಬ್ಬಿ ತೆರೆದಿದ್ದಾರೆ ಅಂದುಕೊಂಡೆ. ಅವಳು ನನ್ನ ಕಡೆ ತಿರುಗಿ ಮಾತಾಡಿದಾಗ ಗೊತ್ತಾಯಿತು.

"ಅಕ್ಕಾ, ನಿನ್ನ ಬಾಯಿ ವಾಸನಿ ಬರಾಕತ್ತೈತಿ."

"ಬಂತೇನು?" ಅವಳಿಗೆ ಸಂತೋಷ. "ಸರ್ ಹೇಳ್ಯಾರವ್ವಾ. ಅದು ಕೊಬ್ಬು ಸುಡೂ ವಾಸನಿ ಅಂತ. ಬಂತು ಅಂದ್ರ ಗೆದ್ದಂಗ ಅಂತ. ಬರಕೋ ಮುನ್ಶಿ, ಸೂಜಿ ಬಿಟ್ಟು ಎರಡನೇ ದಿನ."

ಬಾಯಿ ಹತ್ತಿರ ತಂದು, ನೋಡು ಎಂದು ನನ್ನ ಮುಖಕ್ಕೆ ಉಸಿರು ಬಿಟ್ಟಳು. ಆ ಬಿಸಿ ಉಸಿರು ಈಗಲೂ ನನ್ನ ಮುಖದ ಮೇಲಿದೆ...

ಮರುದಿನ ವಾಂತಿ ಶುರುವಾಯಿತು. ಅತ್ತೆ ಸರ್‌ಗೆ ಫೋನ್ ಹಚ್ಚಿದಳು. ಒಳಗಿನ ಹೊಲಸು ಹೊರಗೆ ಬೀಳುತ್ತಿದೆ, ಛಲೋ ಲಕ್ಷಣ, ಇನ್ನೊಂದು ಗ್ಲಾಸು ಕುಡಿಸಿರಿ ಅಂದನಂತೆ. ಕುಡಿಸಿದರು. ಅದನ್ನೂ ಕಕ್ಕಿದಳು. ಮಾರನೆಯ ಬೆಳಿಗ್ಗೆ ಅವ್ವ ಹೋಗಿ ನೋಡಿದಾಗ ಅವಳು ಕಮ್ಮಾರರ ತಿದಿಯ ಹಾಗೆ ಉಸಿರಾಡುತ್ತಿದ್ದಳು, ಕರೆದರೆ ಕಣ್ಣು ತೆರೆಯುತ್ತಿರಲಿಲ್ಲ. ಕೋಣೆ ತುಂಬ ಅದೇ ವಾಸನೆ. ಟಂಟಂ ಆಟೋ ಹಿಡಿದು ಸಿಂಧನೂರಿಗೆ ಒಯ್ದೆವು. ಡಾಕ್ಟರು ಬಾಗಿ ಅವಳ ಮುಖದ ಹತ್ತಿರ ಮೂಗು ತಂದರು. "ಸೂಜಿ ಯಾವಾಗ ಬಿಟ್ಟಾರ?" ಎಂದು ಕೇಳಿದರು. ನಾನು ಹೇಳಿದೆ. ಸಲೈನು ಹಚ್ಚಿ, ಸೂಜಿ ಕೊಟ್ಟು, ಕೈಲಾದದ್ದು ಮಾಡಿ, ರಾಯಚೂರಿಗೆ ಕಳಿಸಿದರು. ರಾಯಚೂರು ಮುಟ್ಟಲಿಲ್ಲ.

ಆ ಇರುವೆಗಳ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಲ್ಯಾಬ್ ಕೋರ್ಸಿಗೆ ಸೇರಿದ ಮೇಲೆ. ಕ್ಲಬ್ಬಿನ ಸರ್ ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ನನಗೆ ಹೆಚ್ಚು ಹೇಸಿಗೆ ಬರುವುದು ಅದಕ್ಕೇ. ರೊಟ್ಟಿ ಸಕ್ಕರೆಯಾಗಿ ರಕ್ತ ಸೇರಿ ಬೇಗ ಉರಿಯುತ್ತದೆ, ಅದು ಕಡಿಮೆಯಾದರೆ ಮೈ ಕೂಡಿಟ್ಟ ಕೊಬ್ಬನ್ನು ತೆಗೆದು ಉರಿಸುತ್ತದೆ, ಎಲ್ಲ ಸರಿ. ಆದರೆ ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಹೇಳುವುದು ಇನ್ಸುಲಿನ್. ಉಳಿದವರ ಮೈಯಲ್ಲಿ ಅದು ತಾನೇ ಹುಟ್ಟುತ್ತದೆ. ಅಕ್ಕನಿಗೆ ಅದು ಸೂಜಿಯಿಂದಲೇ ಬರಬೇಕು. ಅದಿಲ್ಲದಾಗ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಮೈಯ ಜೀವಕೋಶಗಳಿಗೆ ಅದು ದಕ್ಕುವುದಿಲ್ಲ. ಮೈ ತಾನು ಉಪವಾಸವಿದ್ದೇನೆ ಎಂದು ತಿಳಿದು ಕೊಬ್ಬನ್ನೆಲ್ಲ ಒಮ್ಮೆಗೇ ಸುರಿಯುತ್ತದೆ. ಯಕೃತ್ತು ಆ ಕೊಬ್ಬಿನಿಂದ ಹುಳಿ ತಯಾರಿಸುತ್ತ ಹೋಗುತ್ತದೆ, ರಕ್ತವೇ ಹುಳಿಯಾಗುತ್ತದೆ. ಆ ವಾಸನೆ ಅದರದು; ನೇಲ್ ಪಾಲಿಶ್ ರಿಮೂವರಿನಲ್ಲಿರುವ ಅಸಿಟೋನೇ ಅದರ ಜೊತೆ ಹುಟ್ಟಿ ಉಸಿರಿಗೆ ಬರುತ್ತದೆ. ಅಷ್ಟೂ ಸಾಲದೆ ಮಾಂಸಖಂಡದ ಪ್ರೋಟೀನನ್ನು ಕಿತ್ತು ಅದರಿಂದ ಸಕ್ಕರೆ ಮಾಡುತ್ತದೆ. ಕಟ್ಟಿಗೆಯೆಲ್ಲ ಹಾಕಿ ಮುಗಿದ ಮೇಲೆ ಮನೆಯ ತೊಲೆ, ಬಾಗಿಲು ಕಿತ್ತು ಒಲೆಗಿಟ್ಟ ಹಾಗೆ. ಅಂದರೆ ಇರುವೆಗಳು ಮುತ್ತಿದ್ದು ಅವಳು ತಿಂದ ರೊಟ್ಟಿಗಲ್ಲ. ಅವಳ ತೋಳು, ತೊಡೆ ಸಕ್ಕರೆಯಾಗಿ ಕಾಲುವೆಯಲ್ಲಿ ಹರಿಯುತ್ತಿತ್ತು. ಅದಕ್ಕೆ ಅವರು ಶಾಲು ಹೊದಿಸಿದ್ದರು.

ಅಕ್ಕ ಸತ್ತ ಮೂರನೇ ದಿನ ಸರ್ ಮಾತಾಡಿಸಲು ಬಂದ. ಅದೇ ಬಿಳಿ ಅಂಗಿ. ಗಂಡ ಮೂಲೆಯಲ್ಲಿ ಗೋಡೆಗೆ ತಲೆ ಇಟ್ಟು ಕೂತಿದ್ದ. ಆತ ಚಹಾ ಕುಡಿದು, ಕಪ್ಪನ್ನು ಮೆಲ್ಲಗೆ ಕೆಳಗಿಟ್ಟು, ದನಿ ಇಳಿಸಿ ಹೇಳಿದ: "ಏನು ಮಾಡೂದ್ರೀ. ಕದ್ದು ರೊಟ್ಟಿ ತಿಂದಿರಬೇಕು. ಪುಡಿ ಮ್ಯಾಲ ರೊಟ್ಟಿ ತಿಂದ್ರ ಮೈ ತಡಿಯಂಗಿಲ್ಲ."

ಕೂತವರು ತಲೆಯಾಡಿಸಿದರು. ದಿನವಿಡೀ ರೊಟ್ಟಿಯ ಮುಂದೆ ಕೂರುವ ಹೆಂಗಸು, ಮನಸ್ಸು ಎಷ್ಟಂತ ತಡೆದೀತು? ಒಂದು ವಾರದಲ್ಲಿ ಊರೆಲ್ಲ ಅದೇ ಮಾತಾಯಿತು. ಬಾಯಿ ಚಪಲಕ್ಕೆ ಸತ್ತಳು ಎಂದರು. ನಾನು ಅಲ್ಲ ಅಂದರೆ, ನೀನು ಅವಳ ಬಾಯಿ ಕಾಯುತ್ತಿದ್ದೆಯೇನು ಎಂದು ಕೇಳಿದರು. ಎಲ್ಲರಿಗಿಂತ ಹೆಚ್ಚು ಸಲ ಆ ಮಾತು ಹೇಳಿದವಳು ಅತ್ತೆ.

ಮೊನ್ನೆಯ ಆ ಮಂಗಳವಾರದ ನಂತರ ನನಗೆ ಅನ್ನ ಸೇರಲಿಲ್ಲ. ಭಾನುವಾರ ರಜೆ, ಮಸ್ಕಿಗೆ ಹೋದೆ. ಅತ್ತೆ ಈಗಲೂ ರೊಟ್ಟಿ ಮಾಡುತ್ತಾಳೆ, ಒಬ್ಬಳೇ. ಕ್ಲಬ್ಬು ಮುಚ್ಚಿದೆ. ಆತ ಬೇರೆ ಊರಿನಲ್ಲಿ ತೆರೆದಿದ್ದಾನೆಂದು ಹೇಳುತ್ತಾರೆ. ನಾನು ಹೋದಾಗ ರೊಟ್ಟಿ ಒಯ್ಯಲು ಬಂದ ಹೆಂಗಸೊಬ್ಬಳು, ನಿಮ್ಮ ಸೊಸೆಗೆ ಏನಾಗಿತ್ತು ಎಂದು ಕೇಳುತ್ತಿದ್ದಳು. ಅತ್ತೆ ತವೆಯ ಮೇಲಿಂದ ಕಣ್ಣೆತ್ತದೆ, "ಪಥ್ಯ ಮುರದ್ಲವ್ವಾ. ಕದ್ದು ರೊಟ್ಟಿ ತಿಂದ್ಲು" ಅಂದಳು. ಎಷ್ಟೋ ಸಲ ಹೇಳಿ ಸವೆದ ಮಾತು.

ಹೆಂಗಸು ಹೋದ ಮೇಲೆ ನಾನು ಅತ್ತೆಯ ಎದುರಿಗೆ ಕೂತೆ. "ಆಕಿ ತಿಂದಿಲ್ಲ, ಅತ್ತಿ," ಅಂದೆ.

ಅವಳು ರೊಟ್ಟಿ ತಿರುವಿ ಹಾಕಿದಳು. ಒದ್ದೆ ಬಟ್ಟೆಯಿಂದ ನೀರು ಸವರಿದಳು. ಸವರುತ್ತಲೇ ಹೇಳಿದಳು.

"ಗೊತ್ತೈತಿ. ಹಿಟ್ಟು ಅಳದು ಕೊಡತಿದ್ದಾಕಿ ನಾನು. ರೊಟ್ಟಿ ಎಣಿಸಿ ಕಟ್ಟತಿದ್ದಾಕಿ ನಾನು. ಒಂದಿನ ಒಂದು ರೊಟ್ಟಿ ಕಮ್ಮಿ ಬಿದ್ದಿದ್ದಿಲ್ಲ."

"ಮತ್ತ ಯಾಕ ಹಂಗ ಹೇಳ್ತಿ?"

"ಅಲ್ಲಿಗಿ ಕರಕೊಂಡು ಹೋದಾಕಿ ಯಾರು? ನಾನಲ್ಲೇನು?" ಕೈ ನಿಲ್ಲಲಿಲ್ಲ. "ಆಕಿ ತಿಂದ್ಲು ಅಂತ ಅಂದ್ರ ನನಗ ನಿದ್ದಿ ಬರತೈತಿ."

ಎದ್ದು ಬಂದೆ. ಹೇಸಿಗೆ ಅತ್ತೆಯ ಮೇಲೋ, ಆ ಬಿಳಿ ಅಂಗಿಯವನ ಮೇಲೋ, ಚಪ್ಪಾಳೆ ತಟ್ಟಿದ ಕೈಗಳ ಮೇಲೋ, ಬೇರೆ ಮಾಡಿ ಹೇಳಲು ನನಗೆ ಆಗುತ್ತಿಲ್ಲ. ಲಿಂಗಸುಗೂರಿನ ಬಸ್ಸಿನಲ್ಲಿ ಕೂತಾಗ ಒಂದೇ ಯೋಚನೆ ಸುತ್ತುತ್ತಿತ್ತು. ಊರಿನವರು ಹೇಳುವ ಸುಳ್ಳು ನಿಜವಾಗಿದ್ದರೆ... ಅವಳು ಒಂದು ದಿನ ತಡೆಯದೆ, ಕದ್ದು ಒಂದು ರೊಟ್ಟಿ ತಿಂದಿದ್ದರೆ, ತಿಂದು ಹೆದರಿ ಸೂಜಿ ಚುಚ್ಚಿಕೊಂಡಿದ್ದರೆ, ಇವತ್ತು ಆ ಒಲೆಯ ಮುಂದೆ ಇಬ್ಬರು ಕೂತಿರುತ್ತಿದ್ದರು.