ಮಾವನವರ ಬೆಳಗಿನ ಗಡಿಯಾರ

ನಾನು ದೊಡವಾಡದ ಮನೆಗೆ ಸೊಸೆಯಾಗಿ ಬಂದಾಗ ನಮ್ಮ ಓಣಿಯಲ್ಲಿ ಗಡಿಯಾರ ಇದ್ದದ್ದು ಮಾವನವರ ಹತ್ತಿರ ಮಾತ್ರ. ಬೆಳಗಾವಿಯ ಹರಾಜಿನಲ್ಲಿ ಕೊಂಡು ತಂದ ಕಿಸೆ ಗಡಿಯಾರ ಅದು. ಆಗಲೇ ಹಳೆಯದು, ಬೆಳ್ಳಿಯ ಮುಚ್ಚಳ ಸವೆದು ನುಣ್ಣಗಾಗಿತ್ತು.

ಮಾವನವರು ನಸುಕಿನಲ್ಲೇ ಎದ್ದು ಹೊರಗಿನ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂಡುತ್ತಿದ್ದರು. ದೀಪ ಹಚ್ಚುತ್ತಿರಲಿಲ್ಲ. ಗಡಿಯಾರವನ್ನು ಅಂಗೈಯಲ್ಲಿ ತೆರೆದಿಟ್ಟುಕೊಂಡು, ಮುಳ್ಳು ಕಾಣುವಷ್ಟು ಬೆಳಕಾಗುವ ತನಕ ಕಾಯುವುದು. ಕಂಡ ಕೂಡಲೇ ಒಳಗೆ ಕೇಳುವಂತೆ ಹೊತ್ತು ಎಷ್ಟೆಂದು ಕೂಗಿ, ಕೀಲಿ ಕೊಡುತ್ತಿದ್ದರು. ಆ ಕೂಗಿಗೆ ಅತ್ತೆ ಎಮ್ಮೆ ಹಿಂಡಲು ಏಳುತ್ತಿದ್ದರು, ನನ್ನ ಗಂಡ ಎತ್ತು ಬಿಚ್ಚುತ್ತಿದ್ದರು.

ನಾನು ಅದಕ್ಕೂ ಮೊದಲೇ ಎದ್ದು ಒಲೆ ಹೊತ್ತಿಸುತ್ತಿದ್ದೆ. ಮೊದಲು ಬೆಳಕಿಂಡಿ ಬೂದಿಬಣ್ಣಕ್ಕೆ ತಿರುಗುತ್ತಿತ್ತು. ಆಮೇಲೆ ಹಿತ್ತಲ ಬೇವಿನ ತುದಿ ಕಾಣುತ್ತಿತ್ತು, ಆಮೇಲೆ ದನಗಳ ಬಾನಿಯ ನೀರು. ಆ ನೀರು ಹೊಳೆಯುವುದಕ್ಕೂ ಮಾವನವರ ಕೂಗಿಗೂ ಸರಿಹೋಗುತ್ತಿತ್ತು.

ಎರಡನೆಯ ವರ್ಷ ಅದು ತಪ್ಪತೊಡಗಿತು. ಯುಗಾದಿ ಮುಗಿದು ಬೇಗ ಬೆಳಕು ಹರಿಯುವ ದಿನಗಳವು. ನೀರು ಹೊಳೆದು, ನಾನು ರೊಟ್ಟಿ ಬಡಿಯಲು ಕೂತರೂ ಕೂಗು ಬರುತ್ತಿರಲಿಲ್ಲ.

"ಈ ಸಲ ಬೆಳಕ ತಡಾ ಆಗಾಕ ಹತ್ತೈತಲ್ಲೋ," ಎಂದರು ಮಾವನವರು ಮಗನಿಗೆ.

"ಗಡಿಯಾರ ಮುಂದ ಓಡತಿರಬೇಕು ಬಿಡಪ್ಪಾ," ಎಂದು ನನ್ನ ಗಂಡ ಅದನ್ನು ಬೈಲಹೊಂಗಲದ ರಿಪೇರಿ ಅಂಗಡಿಗೆ ಒಯ್ದರು. ಸಂತೆಯ ದಿನ ಮರಳಿ ತಂದಾಗ ಹೇಳಿದರು: "ಬರೋಬ್ಬರಿ ಐತಂತ. ಎಣ್ಣಿ ಹಾಕಿ ಕೊಟ್ಟಾರ."

ಮರುದಿನವೂ ಕೂಗು ತಡವೇ. ನನಗೆ ಅನುಮಾನ ಬಂತು, ಆದರೆ ಮಾವನವರ ಎದುರು ನಿಂತು ಒಂದು ಮಾತೂ ಆಡಿದವಳಲ್ಲ ನಾನು. ಮಜ್ಜಿಗೆ ಕಡೆಯುವಾಗ ಅತ್ತೆಯ ಕಿವಿಗೆ ಹಾಕಿದೆ. ಅವರು ಕಡೆಗೋಲು ನಿಲ್ಲಿಸಿದರು.

"ನನಗೂ ಹಂಗ ಅನಸೈತಿ. ಮೊನ್ನಿ ಎಮ್ಮಿ ಅಡ್ಡ ಮಲಗಿತ್ತು, ಎಡವಿ ಬೀಳತಿದ್ರು. ಆದ್ರ ಅವರಿಗೆ ಹೇಳಾವ್ರ ಯಾರವಾ?"

ಯಾರೂ ಹೇಳಬೇಕಾಗಲಿಲ್ಲ. ಒಂದು ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದೆ. ಎದುರು ಮನೆಯ ಗೋಡೆಯ ಬಿರುಕುಗಳೂ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಮಾವನವರು ಗಡಿಯಾರ ತೆರೆದುಕೊಂಡು ಇನ್ನೂ ಕಾಯುತ್ತಿದ್ದರು.

"ಯಾರ ಅಲ್ಲಿ?"

"ನಾನ್ರಿ."

"ತಂಗೀ, ಬೆಳಕ ಹರದೈತೇನ?"

"ಹರದೈತ್ರಿ ಮಾವಾರ. ಆಗಲೇ ಹರದೈತಿ," ಎಂದೆ.

"ನನಗ ಇನ್ನೂ ಮಂಜ ಮುಸುಕಿದಂಗ ಕಾಣತೈತಿ," ಎಂದರು, ಹೊಲದ ಸುದ್ದಿ ಹೇಳುವ ದನಿಯಲ್ಲೇ. ಆಮೇಲೆ ಗಡಿಯಾರ ನನ್ನ ಕಡೆ ಚಾಚಿದರು. "ಇಲ್ಲಿ ಬಾ. ಸಣ್ಣ ಮುಳ್ಳ ಎಲ್ಲೈತಿ ನೋಡು."

ನನಗೆ ಅಂಕಿ ಗೊತ್ತಿರಲಿಲ್ಲ. "ನೆತ್ತಿ ಮ್ಯಾಲ ಇರೂದು ಹನ್ನೆರಡು, ಬುಡಕ ಇರೂದು ಆರು," ಎಂದು ಅಲ್ಲೇ ಹೇಳಿಕೊಟ್ಟರು. ನಾನು ಬಗ್ಗಿ ಮುಳ್ಳು ಹುಡುಕಿದೆ. ಸೆರಗು ಜಾರಿದ್ದನ್ನೂ ನೋಡಿಕೊಳ್ಳಲಿಲ್ಲ. ಮರುದಿನದಿಂದ ಹೊತ್ತು ಕೂಗುವ ಕೆಲಸ ನನ್ನದಾಯಿತು. ಸೊಸೆ ಕೂಗುತ್ತಾಳೆಂದು ಓಣಿಯ ಹೆಂಗಸರು ಕೆಲವು ದಿನ ನಕ್ಕರು.

ಮಳೆಗಾಲಕ್ಕೆ ಮೊದಲು ನನ್ನ ಗಂಡ ಅವರನ್ನು ಬೆಳಗಾವಿಯ ಡಾಕ್ಟರರ ಹತ್ತಿರ ಕರೆದೊಯ್ದು ಒಂದು ಕಣ್ಣಿನ ಪೊರೆ ತೆಗೆಸಿದರು. ದಪ್ಪ ಕನ್ನಡಕ ಹಾಕಿಕೊಂಡು ಬಂದ ಮಾವನವರು ಮೊದಲ ದಿನ ಮನೆಯನ್ನೆಲ್ಲ ಸುತ್ತಿ, ಅಟ್ಟದ ಜೇಡರಬಲೆ ತೋರಿಸಿ ಎಲ್ಲರನ್ನೂ ಬೈದರು. ಅತ್ತೆ ಒಳಗೆ ಹೋಗಿ ಅತ್ತರು, ಸಂತೋಷಕ್ಕೇ ಇರಬೇಕು.

ನಾನು ಗಡಿಯಾರ ಮರಳಿ ಕೊಡಲು ಹೋದೆ. "ಕೀಲಿ ನಾ ಕೊಡತೇನಿ, ಹೊತ್ತ ನೀನ ಹೇಳು. ನನ್ನ ಗಂಟಲಾದ್ರೂ ಉಳೀಲಿ," ಎಂದರು. ಇನ್ನೊಂದು ಕಣ್ಣು ಮಾಡಿಸಿಕೊಳ್ಳಲು ಎಷ್ಟು ಹೇಳಿದರೂ ಒಪ್ಪಲಿಲ್ಲ. ಆ ಒಂದರಲ್ಲೇ ಹೊಲಕ್ಕೆ ಒಬ್ಬರೇ ಹೋಗಿ ಬರುತ್ತಿದ್ದರು.